‘ಗಾಡಿ ಮ್ಯಾಲ ಅದೀರೇನು?’

ನವೆಂಬರ್ ತಿಂಗಳ ಇಳಿಹೊತ್ತು. ಹಾನಗಲ್ಲಿನಿಂದ ತಡಸದ ಕಡೆ ಹೋಗುವ ರಸ್ತೆ ಅರ್ಧಕ್ಕರ್ಧ ಹಳದಿಯಾಗಿದೆ. ಡಾಂಬರಿನ ಮೇಲೆ ಗೋವಿನಜೋಳ ಹರವಿದ್ದಾರೆ. ಕಾಳಿನ ಮೇಲೆ ಗಾಡಿ ಹಾಯಬಾರದೆಂದು ಅಂಚಿನುದ್ದಕ್ಕೂ ತಲೆಗಾತ್ರದ ಕಲ್ಲು ಇಟ್ಟಿದ್ದಾರೆ. ಒಬ್ಬ ಅಜ್ಜಿ ಕಾಲಲ್ಲೇ ಕಾಳು ಕೆದರುತ್ತಾ ಸಾಲು ಎಳೆಯುತ್ತಿದ್ದಾಳೆ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿದೆ. ಅದರ ಹಿಂದೆ ಎರಡು ಟ್ರೇಲರ್, ಮೇಲೆ ಡೆಕ್ಕಿನ ಅಬ್ಬರ.

ಈ ನಡುವೆ ಒಂದು ಬೈಕು. ಸವಾರನ ಹೆಲ್ಮೆಟ್ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿದೆ. ತಲೆ ಬಲಕ್ಕೆ ವಾಲಿದೆ, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದಾನೆ. ಆ ಕಡೆ ದಲಾಲಿ ಅಂಗಡಿಯವರು. ‘ಕ್ವಿಂಟಲ್‌ಗೆ ಎಷ್ಟು ಹೊಂಟೈತ್ರಿ?’ ಎಂದು ಇವನು ಕೇಳುತ್ತಾನೆ. ಉತ್ತರ ಬರುವಷ್ಟರಲ್ಲಿ ಕಲ್ಲಿನ ಸಾಲು ದಾಟುತ್ತದೆ, ಟ್ರ್ಯಾಕ್ಟರ್ ಪಕ್ಕದಿಂದ ಸರಿದುಹೋಗುತ್ತದೆ, ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ.

ಏನೂ ಆಗಲಿಲ್ಲ.

ತೊಡಕು ಇರುವುದೇ ಇಲ್ಲಿ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಕುದಿಯುವ ಎಣ್ಣೆಗೆ ಬೆರಳಿಟ್ಟವನಿಗೆ ಆ ಕ್ಷಣದಲ್ಲೇ ಪಾಠವಾಗುತ್ತದೆ. ಫೋನು ಹಿಡಿದು ಬೈಕು ಓಡಿಸಿದವನಿಗೆ ರಸ್ತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಏನೂ ಹೇಳುವುದಿಲ್ಲ. ಹಾಗೆ ಪಾರಾದ ಒಂದೊಂದು ಸಲವನ್ನೂ ಅವನು ತನ್ನ ಚಾಕಚಕ್ಯತೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ಊರು ಮುಟ್ಟಿದ ಮೇಲೆ ‘ದಾರಿಯಲ್ಲಿ ಅಜ್ಜಿ ಕಂಡಳಾ?’ ಎಂದು ಕೇಳಿ ನೋಡಿ. ‘ಯಾವ ಅಜ್ಜಿ?’ ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜವಾಗಿಯೂ ಕಂಡಿಲ್ಲ.

ನೋಡಿದ್ದೆಲ್ಲ ಕಂಡಂತಲ್ಲ

ಕಣ್ಣು ತೆರೆದಿದ್ದರೆ, ಅದು ರಸ್ತೆಯ ಕಡೆಗೇ ಇದ್ದರೆ ಸಾಕು, ಎದುರಿಗೆ ಬಂದದ್ದು ಕಂಡೇ ಕಾಣುತ್ತದೆ ಎಂಬುದು ಎಲ್ಲರ ನಂಬಿಕೆ. ಅದು ಎಷ್ಟು ಟೊಳ್ಳು ಎಂಬುದನ್ನು 1999ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಮನೋವಿಜ್ಞಾನಿಗಳು ತಮಾಷೆಯೆನ್ನುವಷ್ಟು ಸರಳವಾಗಿ ತೋರಿಸಿಕೊಟ್ಟರು. ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೊಫರ್ ಶಾಬ್ರಿಸ್ ಒಂದು ಪುಟ್ಟ ವಿಡಿಯೊ ಮಾಡಿದರು. ಬಿಳಿ ಅಂಗಿಯವರ ಒಂದು ಗುಂಪು, ಕಪ್ಪು ಅಂಗಿಯವರ ಇನ್ನೊಂದು ಗುಂಪು ತಂತಮ್ಮೊಳಗೆ ಚೆಂಡು ಎಸೆದಾಡುತ್ತಿರುತ್ತವೆ. ಬಿಳಿ ಅಂಗಿಯವರು ಎಷ್ಟು ಸಲ ಎಸೆದರು ಎಂದು ನೋಡುಗರು ಎಣಿಸಬೇಕು. ಅಷ್ಟರಲ್ಲಿ ಗೊರಿಲ್ಲಾ ವೇಷದವರೊಬ್ಬರು ಆಟಗಾರರ ನಡುವೆ ಬಂದು, ಎದೆ ಬಡಿದುಕೊಂಡು, ಆಚೆ ನಡೆದುಹೋಗುತ್ತಾರೆ.

ನೋಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಗೊರಿಲ್ಲಾ ಕಾಣಲೇ ಇಲ್ಲ. ಎಣಿಕೆ ಮಾತ್ರ ಸರಿಯಾಗಿತ್ತು.

ಮಿದುಳು ಕಣ್ಣಿಗೆ ಬಿದ್ದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಂತೆಯ ಗದ್ದಲದಲ್ಲಿ ನಮ್ಮ ಹೆಸರೊಂದೇ ಕಿವಿಗೆ ಬೀಳುತ್ತದಲ್ಲ, ಇದೂ ಹಾಗೆಯೇ. ಆ ಹೊತ್ತಿಗೆ ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ. ಗೋವಿನಜೋಳದ ರೇಟು ಕೇಳುತ್ತಿರುವವನ ತಲೆಯಲ್ಲಿ ಕ್ವಿಂಟಲ್, ತೂಕ, ಹಮಾಲಿ, ಬಾಕಿ ಸಾಲ ಎಲ್ಲ ಓಡುತ್ತಿರುತ್ತವೆ. ಹೊಸ್ತಿಲಾಚೆ ನಿಂತದ್ದು ಅಜ್ಜಿ.

ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಅವರ ಜೊತೆಗಾರರು ಇದನ್ನು ಚಾಲಕರ ಮೇಲೆಯೇ ಪರೀಕ್ಷಿಸಿದರು. ಕೃತಕ ಕಾರಿನಲ್ಲಿ ಕೂರಿಸಿ, ಕಣ್ಣುಗುಡ್ಡೆ ಯಾವ ಕಡೆ ತಿರುಗುತ್ತದೆ ಎಂದು ಉಪಕರಣದಿಂದ ಅಳೆದರು. ಫೋನಿನಲ್ಲಿ ಮಾತನಾಡುತ್ತಿದ್ದವರು ರಸ್ತೆಬದಿಯ ಫಲಕಗಳ ಮೇಲೆ ನೇರವಾಗಿ ಕಣ್ಣು ನೆಟ್ಟಿದ್ದರೂ, ನಂತರ ಕೇಳಿದಾಗ ಅವನ್ನು ಗುರುತಿಸುವುದರಲ್ಲಿ ಹಿಂದೆ ಬಿದ್ದರು. ಅವರ ಫೋನು ಹ್ಯಾಂಡ್ಸ್‌ಫ್ರೀ ಆಗಿತ್ತು. ಕೈ ಸ್ಟಿಯರಿಂಗಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಆದರೂ ಹಾಗೆ.

ಬ್ಲೂಟೂತ್ ಹಾಕಿಕೊಂಡರೆ ಆಯಿತು, ಪೊಲೀಸರು ಹಿಡಿಯುವುದಿಲ್ಲ, ಅಪಾಯವೂ ಇಲ್ಲ ಎಂದುಕೊಂಡವರಿಗೆ ಇದು ಸಿಹಿಸುದ್ದಿಯಲ್ಲ. ಕೆನಡಾದ ಟೊರಾಂಟೊದಲ್ಲಿ ಅಪಘಾತಕ್ಕೆ ಸಿಕ್ಕ 699 ಚಾಲಕರ ಫೋನ್ ಬಿಲ್ಲುಗಳನ್ನು ತೆಗೆಸಿ, ಅಪಘಾತದ ಗಳಿಗೆಯೊಂದಿಗೆ ತಾಳೆ ಹಾಕಿದ ಅಧ್ಯಯನವೊಂದು 1997ರಲ್ಲೇ ಪ್ರಕಟವಾಗಿತ್ತು. ಮಾತನಾಡುವಾಗ ಡಿಕ್ಕಿಯ ಅಪಾಯ ಸುಮಾರು ನಾಲ್ಕು ಪಟ್ಟು ಎಂದು ಅದು ಹೇಳಿತು. ಕೈಯಲ್ಲಿ ಹಿಡಿಯದ ಫೋನಿನಿಂದ ಸುರಕ್ಷತೆ ಹೆಚ್ಚಿದ್ದು ಅದಕ್ಕೆ ಕಾಣಲಿಲ್ಲ. ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದದ್ದೂ ಅದೇ ವರ್ಷ. ಆಗಿನ್ನೂ ಜನ ಎಸ್‌ಟಿಡಿ ಬೂತಿನ ಮುಂದೆ ಸರದಿ ನಿಲ್ಲುತ್ತಿದ್ದರು. ಉತ್ತರ ನಮ್ಮ ಕೈಗೆ ಫೋನಿಗಿಂತ ಮೊದಲೇ ಬಂದಿತ್ತು ಎನ್ನಬೇಕು.

ಪಕ್ಕದ ಸೀಟಿನವರು, ಬೆಂಗಳೂರಿನವರು

ಹಾಗಾದರೆ ಪಕ್ಕದಲ್ಲಿ ಕೂತವರ ಜತೆ ಮಾತನಾಡಿದರೂ ಅಷ್ಟೇ ಅಪಾಯವಲ್ಲವೇ? ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ.

ಬಂಕಾಪುರದ ಹತ್ತಿರ ಹೋಗುತ್ತಿರುವ ಒಂದು ಕಾರು ಎಂದುಕೊಳ್ಳಿ. ಮುಂದಿನ ಸೀಟಿನಲ್ಲಿ ಕಾಕಾ ಮಗಳ ಮದುವೆಯ ಖರ್ಚಿನ ಲೆಕ್ಕ ಒಪ್ಪಿಸುತ್ತಿದ್ದಾರೆ. ಸರ್ವಿಸ್ ರಸ್ತೆಯಿಂದ ಎಮ್ಮೆಗಳ ಹಿಂಡು ಹೊರಟಿತು. ಕಾಕಾನ ಬಾಯಿ ತಾನಾಗಿ ನಿಲ್ಲುತ್ತದೆ. ನಿಲ್ಲುವುದಷ್ಟೇ ಅಲ್ಲ, ‘ಏ ತಮ್ಮಾ, ಎಮ್ಮಿ ನೋಡು’ ಎಂದೂ ಅನ್ನುತ್ತಾರೆ. ಅಂದರೆ ಆ ಕಾರಿನಲ್ಲಿ ರಸ್ತೆ ನೋಡುವ ಕಣ್ಣು ಎರಡಲ್ಲ, ನಾಲ್ಕು. ಬೆಂಗಳೂರಿನಿಂದ ಫೋನ್ ಮಾಡಿದ ಅಳಿಯನಿಗೆ ಎಮ್ಮೆ ಕಾಣುವುದಿಲ್ಲ. ಎಮ್ಮೆ ಮೈಮೇಲೆ ಬಂದಾಗಲೂ ಅವನು ಕಲ್ಯಾಣ ಮಂಟಪದ ಬಾಡಿಗೆಯ ಮಾತನ್ನೇ ಆಡುತ್ತಿರುತ್ತಾನೆ. ಇತ್ತ ಸುಮ್ಮನಾದರೆ ‘ಹಲೋ, ಕೇಳಸ್ತೈತೇನು?’ ಎಂದು ಇನ್ನೂ ಜೋರಾಗಿ ಕೇಳುತ್ತಾನೆ.

ಸ್ಟ್ರೇಯರ್ ತಂಡ 2008ರಲ್ಲಿ ಕಂಡುಕೊಂಡದ್ದೂ ಇದನ್ನೇ. ಜೊತೆಗೆ ಕೂತವರ ಮಾತು ರಸ್ತೆಯ ಏರಿಳಿತಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಫೋನಿನ ಮಾತಿಗೆ ಆ ತಾಳವಿಲ್ಲ.

ಒಂದು ಸೆಕೆಂಡು, ಒಂದು ಪಿಚ್

ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಕ್ರಿಕೆಟ್ ಪಿಚ್‌ನ ಉದ್ದ 20 ಮೀಟರ್‌ಗಿಂತ ತುಸುವೇ ಹೆಚ್ಚು. ಸೆಕೆಂಡಿಗೊಂದು ಪಿಚ್ ಎಂದು ನೆನಪಿಟ್ಟುಕೊಂಡರೆ ಲೆಕ್ಕ ಸುಲಭ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಫೋಟೊ ನೋಡಲು ಐದು ಸೆಕೆಂಡ್ ಹಿಡಿಯಿತು ಅನ್ನಿ. ಐದು ಪಿಚ್ ಉದ್ದದ ರಸ್ತೆಯನ್ನು ಕಣ್ಣುಮುಚ್ಚಿ ದಾಟಿದ ಹಾಗಾಯಿತು.

ಅಪಾಯ ಕಂಡ ಮೇಲೂ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡಿನಷ್ಟು ಬೇಕು. ಆಮೇಲೆ ಬ್ರೇಕು ಹಿಡಿದು ಗಾಡಿ ನಿಲ್ಲಬೇಕು. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ, 80ರ ವೇಗದ ಕಾರು ಪೂರ್ತಿ ನಿಲ್ಲುವ ಹೊತ್ತಿಗೆ ಒಟ್ಟು ಸುಮಾರು 70 ಮೀಟರ್ ಮುಂದೆ ಹೋಗಿರುತ್ತದೆ. ರಾತ್ರಿ ಡಿಮ್ ಲೈಟಿನ ಬೆಳಕು ಅಷ್ಟು ದೂರ ಮುಟ್ಟುವುದೇ ಕಷ್ಟ. ಇದು ಪೂರ್ತಿ ಎಚ್ಚರವಿದ್ದವರ ಲೆಕ್ಕ.

ಅಮೆರಿಕದ ವರ್ಜೀನಿಯಾದಲ್ಲಿ 100 ಕಾರುಗಳಿಗೆ ಕ್ಯಾಮೆರಾ ಕಟ್ಟಿ ವರ್ಷವಿಡೀ ಬಿಟ್ಟಿದ್ದರು. ಚಾಲಕರು ಮೊದಮೊದಲು ಕ್ಯಾಮೆರಾ ನೆನಪಿಟ್ಟುಕೊಂಡು ಬಿಗುವಾಗಿ ಕೂತಿರಬೇಕು. ಆಮೇಲೆ ಎಲ್ಲರೂ ತಂತಮ್ಮ ಸಹಜಕ್ಕೆ ಮರಳಿದರು. 2006ರಲ್ಲಿ ಹೊರಬಂದ ಅದರ ಫಲಿತಾಂಶದಂತೆ, ಡಿಕ್ಕಿಗಳಲ್ಲಿ ನೂರಕ್ಕೆ ಎಂಬತ್ತರಷ್ಟರಲ್ಲಿ ಕೊನೆಯ ಮೂರು ಸೆಕೆಂಡಿನೊಳಗೆ ಚಾಲಕರ ಗಮನ ಎಲ್ಲೋ ಹೋಗಿತ್ತು. ಫೋನೇ ಆಗಿರಬೇಕೆಂದಿಲ್ಲ. ಕೆಳಗೆ ಬಿದ್ದ ವಸ್ತು, ತಿನಿಸಿನ ಪೊಟ್ಟಣ, ತೂಕಡಿಕೆ, ಕಿಟಕಿಯಾಚೆಯ ನೋಟ, ಎಲ್ಲವೂ ಇದ್ದವು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಫೋನು ಇಟ್ಟ ಕೂಡಲೇ ಗಮನ ಮರಳುವುದಿಲ್ಲ. ಯೂಟಾದಲ್ಲೇ 2015ರಲ್ಲಿ ನಡೆದ ಪರೀಕ್ಷೆಯಲ್ಲಿ, ಕಾರಿನ ಯಂತ್ರಕ್ಕೆ ಬಾಯಿಮಾತಿನಲ್ಲಿ ಆಜ್ಞೆ ಕೊಟ್ಟು ಮುಗಿಸಿದ ಮೇಲೂ ಕೆಲವು ವ್ಯವಸ್ಥೆಗಳಲ್ಲಿ ಮನಸ್ಸು ರಸ್ತೆಗೆ ಪೂರ್ತಿ ಹಿಂತಿರುಗಲು 27 ಸೆಕೆಂಡ್‌ವರೆಗೆ ಬೇಕಾಯಿತು. ರೇಟು ಕೇಳಿ ಫೋನು ಜೇಬಿಗಿಟ್ಟ ನಮ್ಮ ಸವಾರ ಇನ್ನೂ ಒಂದಷ್ಟು ದೂರ ದಲಾಲಿ ಅಂಗಡಿಯಲ್ಲೇ ಇರುತ್ತಾನೆ.

ದಿನಾ ಓಡಾಡುವ ದಾರಿ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ರಸ್ತೆಗಳು ಎರಡು ಜಾತಿಯವು. ಶಿಗ್ಗಾವಿಯನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 48 ಒಂದು. ದೆಹಲಿಯಿಂದ ಚೆನ್ನೈವರೆಗಿನ ಈ ದಾರಿ ಹುಬ್ಬಳ್ಳಿ, ತಡಸ, ಶಿಗ್ಗಾವಿ, ಬಂಕಾಪುರ, ಹಾವೇರಿ, ರಾಣೆಬೆನ್ನೂರು ಎಂದು ಸಾಗುತ್ತದೆ. ಉಳಿದವು ಹಾನಗಲ್, ಸವಣೂರು, ಹಿರೇಕೆರೂರನ್ನು ಅಕ್ಕಪಕ್ಕದ ಊರುಗಳಿಗೆ ಹೊಲಿಯುವ ರಾಜ್ಯ ಹೆದ್ದಾರಿಗಳು, ಜಿಲ್ಲಾ ರಸ್ತೆಗಳು. ಇವೆರಡೂ ಗಮನ ಕದಿಯುತ್ತವೆ, ಆದರೆ ಕದಿಯುವ ಬಗೆ ಬೇರೆ.

ಹಿರೇಕೆರೂರಿನಿಂದ ಹಂಸಭಾವಿಗೋ ಚಿಕ್ಕೇರೂರಿಗೋ ದಿನಾ ಬೈಕಿನಲ್ಲಿ ಹೋಗಿಬರುವ ಶಿಕ್ಷಕರನ್ನು, ಬ್ಯಾಂಕಿನವರನ್ನು ನೆನೆಯಿರಿ. ಯಾವ ತಿರುವಿನಲ್ಲಿ ಗುಂಡಿಯಿದೆ, ಯಾವ ಊರ ಮುಂದೆ ಹಂಪ್ ಇದೆ, ಎಲ್ಲ ಮೈಗೆ ಗೊತ್ತು. ಮೈಗೆ ಗೊತ್ತಾದ ಕೆಲಸವನ್ನು ಮಿದುಳು ಅಭ್ಯಾಸಕ್ಕೆ ಒಪ್ಪಿಸಿ ತಾನು ಬೇರೆ ಕಡೆ ಹೊರಟುಬಿಡುತ್ತದೆ. ಮನೆ ಮುಟ್ಟಿದ ಮೇಲೆ ‘ನಡುವಿನ ಊರು ಯಾವಾಗ ದಾಟಿದೆ?’ ಎಂದು ನೆನಪಾಗದ ಅನುಭವ ಯಾರಿಗಿಲ್ಲ? ಅಲ್ಲಿ ಫೋನು ಇಲ್ಲ, ಕುಡಿತ ಇಲ್ಲ, ನಿದ್ದೆ ಇಲ್ಲ. ಬರೀ ಪರಿಚಯ.

ಅಭ್ಯಾಸಕ್ಕೆ ನಿನ್ನೆಯ ರಸ್ತೆ ಗೊತ್ತಿರುತ್ತದೆ, ಇವತ್ತಿನದು ಗೊತ್ತಿರುವುದಿಲ್ಲ. ನಿನ್ನೆ ಬರಿದಾಗಿದ್ದ ಡಾಂಬರಿನ ಮೇಲೆ ಇವತ್ತು ಹುರುಳಿ ಒಕ್ಕಲಿಗೆ ಬಿದ್ದಿರುತ್ತದೆ. ಹೊಟ್ಟಿನ ಮೇಲೆ ಬೈಕಿನ ಚಕ್ರ ಜಾರುತ್ತದೆ. ರಾಶಿ ಎತ್ತಿದ ಮೇಲೆ ಕಲ್ಲುಗಳು ಅಲ್ಲೇ ಉಳಿದಿರುತ್ತವೆ. ಹಗಲು ಕಂಡ ಕಲ್ಲು ರಾತ್ರಿ ಕಾಣುವುದಿಲ್ಲ. ಒಕ್ಕಲು ಕಣ ಇಲ್ಲದ ರೈತ ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ರಸ್ತೆಯನ್ನು ಕಣ ಮಾಡಿದ್ದಕ್ಕೆ ಅವನನ್ನಷ್ಟೇ ಬೈದು ಪ್ರಯೋಜನವಿಲ್ಲ. ಆದರೆ ಕಲ್ಲನ್ನು ಎತ್ತಿ ಬದಿಗಿಡುವುದಕ್ಕೆ ಯಾವ ಯೋಜನೆಯೂ ಬೇಕಿಲ್ಲ.

ಟ್ರೇಲರ್‌ಗಳದ್ದು ಇನ್ನೊಂದು ಕಥೆ. ಹಿಂದೆ ದೀಪವಿಲ್ಲ, ಪ್ರತಿಫಲಿಸುವ ಪಟ್ಟಿಯಿದ್ದರೂ ಕೆಸರು ಮೆತ್ತಿರುತ್ತದೆ. ಮುಂದೆ ಕೂತವನಿಗೆ ಡೆಕ್ಕಿನ ಸದ್ದಿನಲ್ಲಿ ಹಿಂದಿನ ಹಾರ್ನ್ ಕೇಳುವುದಿಲ್ಲ. ಗಮನ ಎಂದರೆ ಕಣ್ಣೊಂದೇ ಅಲ್ಲವಲ್ಲ, ಕಿವಿಯೂ ಬೇಕು.

ಹೆದ್ದಾರಿಯ ಮೋಸ ಇದಕ್ಕೆ ತಿರುಗುಮುರುಗು. ಅಲ್ಲಿ ಏನೂ ನಡೆಯದಿರುವುದೇ ಅಪಾಯ. ನೇರ ರಸ್ತೆ, ಒಂದೇ ವೇಗ, ಒಂದೇ ಸದ್ದು. ಮನಸ್ಸಿಗೆ ಮೇಯಲು ಏನೂ ಸಿಗದೆ ಅದು ಫೋನನ್ನು ಹುಡುಕುತ್ತದೆ, ಇಲ್ಲವೇ ಮಂಪರಿಗೆ ಜಾರುತ್ತದೆ. ಅಂಥ ನೇರ ರಸ್ತೆಯಲ್ಲಿ ಥಟ್ಟನೆ, ದೂರದ ತಿರುವು ಉಳಿಸಲೆಂದು ಉಲ್ಟಾ ಬರುವ ಬೈಕು, ಗೋಟಗೋಡಿಯ ರಾಕ್ ಗಾರ್ಡನ್ ಕಡೆ ತಿರುಗುವ ಶಾಲಾ ಪ್ರವಾಸದ ಬಸ್ಸು, ಬದಿಯಲ್ಲಿ ನಿಂತ ಲಾರಿ ಎದುರಾಗುತ್ತವೆ.

ನಸುಕಿನ ಜಾವ

2024ರ ಜೂನ್ 28, ಶುಕ್ರವಾರ. ನಸುಕಿನ ನಾಲ್ಕರ ಸುಮಾರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಮಂದಿ ದೇವರ ದರ್ಶನ ಮುಗಿಸಿ ಟೆಂಪೊ ಟ್ರಾವೆಲರ್‌ನಲ್ಲಿ ಊರಿಗೆ ಮರಳುತ್ತಿದ್ದರು. ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಅದು ಹಿಂದಿನಿಂದ ಅಪ್ಪಳಿಸಿತು. 13 ಮಂದಿ ಸತ್ತರು.

2025ರ ಜನವರಿ 22, ಬುಧವಾರ. ಬೆಳಕು ಹರಿಯುವ ಮೊದಲು. ಸವಣೂರಿನಿಂದ ಹಣ್ಣು, ತರಕಾರಿ ಹೇರಿಕೊಂಡು ವ್ಯಾಪಾರಿಗಳನ್ನೂ ಕೂರಿಸಿಕೊಂಡು ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಅರಬೈಲು ಘಟ್ಟದಲ್ಲಿ ಸುಮಾರು 50 ಮೀಟರ್ ಆಳದ ಕಣಿವೆಗೆ ಉರುಳಿತು. ಎದುರಿನ ವಾಹನಕ್ಕೆ ದಾರಿ ಬಿಡಲು ಚಾಲಕ ಎಡಕ್ಕೆ ತಿರುಗಿಸಿದಾಗ ಅಂಚು ತಪ್ಪಿತು, ಕಣಿವೆಯ ಕಡೆ ತಡೆಗೋಡೆ ಇರಲಿಲ್ಲ ಎಂದು ಪೊಲೀಸರು ಹೇಳಿದರು. ಹತ್ತು ಜೀವ ಹೋಯಿತು. ಸವಣೂರಿನ ಓಣಿಗಳಲ್ಲಿ ಆ ದಿನ ಸಾಲುಸಾಲು ಮನೆಗಳ ಮುಂದೆ ಜನ ಸೇರಿದ್ದರು.

ಒಂದು ಬಯಲಿನ ಹೆದ್ದಾರಿಯಲ್ಲಿ ಆದದ್ದು, ಇನ್ನೊಂದು ಘಟ್ಟದ ತಿರುವಿನಲ್ಲಿ. ಒಂದರಲ್ಲಿ ನಿಂತ ಲಾರಿ, ಇನ್ನೊಂದರಲ್ಲಿ ಇಲ್ಲದ ಗೋಡೆ. ಸ್ಟಿಯರಿಂಗ್ ಹಿಡಿದವರ ಮೇಲಷ್ಟೇ ಹೊರೆ ಹೊರಿಸಿ ಕೈತೊಳೆದುಕೊಳ್ಳುವ ಪ್ರಕರಣಗಳಲ್ಲ ಇವು. ಎರಡರಲ್ಲೂ ಸಮಾನವಾದದ್ದು ಗಳಿಗೆ. ಹಾಸಿಗೆಯಲ್ಲಿರಬೇಕಾದ ಹೊತ್ತಿನಲ್ಲಿ ಎಲ್ಲರೂ ರಸ್ತೆಯ ಮೇಲಿದ್ದರು.

ನಮ್ಮ ಮೈಯೊಳಗಿನ ಗಡಿಯಾರಕ್ಕೆ ದಿನಕ್ಕೆ ಎರಡು ಇಳಿತಗಳಿವೆ. ಊಟವಾದ ಮೇಲಿನ ಮಧ್ಯಾಹ್ನದ್ದು ಚಿಕ್ಕದು. ರಾತ್ರಿ ಎರಡರಿಂದ ಬೆಳಗಿನ ಆರರವರೆಗಿನದು ದೊಡ್ಡದು. ಆ ಹೊತ್ತಿನಲ್ಲಿ ಮೈ ತಣ್ಣಗಾಗುತ್ತದೆ, ರೆಪ್ಪೆ ಭಾರವಾಗುತ್ತದೆ, ಕೈಕಾಲಿನ ಚುರುಕು ಇಳಿಯುತ್ತದೆ. ಎಷ್ಟು ಅನುಭವಿ ಚಾಲಕನಾದರೂ ಇದರಿಂದ ವಿನಾಯಿತಿ ಇಲ್ಲ. ‘ಕಣ್ಣು ಹತ್ತಿತು’ ಎಂದು ಇಲ್ಲಿಯವರು ಹೇಳುವುದು ಕೆಲವೇ ಸೆಕೆಂಡಿನ ಜೋಂಪು. ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. 80ರ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಹತ್ತಿದರೆ 66 ಮೀಟರ್. ಬ್ರೇಕ್ ಹಾಕಿದ ಗುರುತೂ ರಸ್ತೆಯ ಮೇಲೆ ಇರುವುದಿಲ್ಲ.

ನಿದ್ದೆಗೆಟ್ಟ ಮೈ ಕುಡಿದ ಮೈಯಂತೆ ವರ್ತಿಸುತ್ತದೆ ಎಂಬುದು ಬರೀ ಹೋಲಿಕೆಯಲ್ಲ, ಅಳೆದ ಮಾತು. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥ್ರಿನ್ ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ಇಡೀ ದಿನರಾತ್ರಿ ಎಚ್ಚರವಿದ್ದರೆ ಶೇ 0.10. ಭಾರತದಲ್ಲಿ ಕಾನೂನು ಒಪ್ಪುವ ಮಿತಿ ಶೇ 0.03. ಬೆಳಿಗ್ಗೆ ಆರಕ್ಕೆ ಎದ್ದು ದಿನವೆಲ್ಲ ದುಡಿದು, ರಾತ್ರಿ ಹನ್ನೊಂದಕ್ಕೆ ಬಾಡಿಗೆ ಹಿಡಿದು ಹೊರಡುವ ಚಾಲಕ ಹನಿ ಮುಟ್ಟದೆಯೂ ಆ ಗೆರೆಯ ಆಚೆ ಇರುತ್ತಾನೆ. ಪೊಲೀಸರ ಊದುವ ಯಂತ್ರ ಅವನನ್ನು ಪಾಸು ಮಾಡಿ ಕಳಿಸುತ್ತದೆ.

ಇಷ್ಟಾದರೂ ಜನ ರಾತ್ರಿಯೇ ಏಕೆ ಹೊರಡುತ್ತಾರೆ? ಲೆಕ್ಕ ಮನೆಯದು. ರಾತ್ರಿ ದಾರಿ ಸವೆಸಿದರೆ ಗಾಡಿಯ ಒಂದು ದಿನದ ಬಾಡಿಗೆ ಉಳಿಯುತ್ತದೆ, ಲಾಡ್ಜಿನ ಖರ್ಚಿಲ್ಲ, ಒಂದು ದಿನದ ಕೂಲಿ ತಪ್ಪುವುದಿಲ್ಲ. ಸಂತೆಗೆ ಹೋಗುವವರಿಗಂತೂ ಬೇರೆ ದಾರಿಯೇ ಇಲ್ಲ. ಬೆಳಗಾಗುವಷ್ಟರಲ್ಲಿ ಘಟ್ಟ ಇಳಿದು ಒಳ್ಳೆಯ ಜಾಗ ಹಿಡಿಯದಿದ್ದರೆ ಸೊಪ್ಪು ಬಾಡುತ್ತದೆ. ಮೈಮರೆವು ಎಂದಾಗ ನಾವು ಸೋಮಾರಿಯನ್ನೋ ಶೋಕಿಯವನನ್ನೋ ಕಣ್ಣಮುಂದೆ ತಂದುಕೊಳ್ಳುತ್ತೇವೆ. ನಸುಕಿನಲ್ಲಿ ರಸ್ತೆಯ ಮೇಲೆ ತೂಕಡಿಸುವವರಲ್ಲಿ ಬಹುಪಾಲು ಜನ ಹೊಟ್ಟೆಪಾಡಿನವರು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಅಂದೇ ಮಿತಿ ಹಾಕಿತ್ತು. ಒಂದೆರಡು ಗಾಡಿ ಇಟ್ಟುಕೊಂಡು ತಾನೇ ಮಾಲೀಕ, ತಾನೇ ಡ್ರೈವರ್ ಆದವನ ಗಂಟೆಗಳನ್ನು ಎಣಿಸುವವರು ಯಾರು?

ಸೀಟಿಯ ಭಾಷೆ

ಚಾಲಕನ ಗಮನ ಬೆಲೆಬಾಳುವ ವಸ್ತು ಎಂಬುದನ್ನು ಮೊಬೈಲ್ ಬರುವ ಮೊದಲೇ ಅರಿತಿದ್ದವರು ಸರ್ಕಾರಿ ಬಸ್ಸಿನವರು. ಹಾನಗಲ್ ಬಸ್‌ ನಿಲ್ದಾಣದಲ್ಲಿ ಹುಬ್ಬಳ್ಳಿ ಕಡೆಗೆ ಹೊರಟ ಬಸ್ಸು ಹತ್ತಿ ನೋಡಿ. ಎಪ್ಪತ್ತು ಜನ, ಮೂಟೆ, ಕೋಳಿ, ಕಾಲೇಜಿನ ಹುಡುಗರ ಗದ್ದಲ. ಇಷ್ಟರ ನಡುವೆಯೂ ಕಂಡಕ್ಟರು ಡ್ರೈವರಿಗೆ ಹೇಳಬೇಕಾದದ್ದನ್ನೆಲ್ಲ ಸೀಟಿಯಲ್ಲೇ ಹೇಳುತ್ತಾರೆ. ಒಂದು ಸಲ ಊದಿದರೆ ನಿಲ್ಲಿಸು, ಎರಡು ಸಲ ಊದಿದರೆ ನಡೆ. ‘ಅಣ್ಣಾ, ಮುಂದಿನ ಕ್ರಾಸಿನಾಗ ಇಬ್ಬರು ಇಳಿಯೋರಿದ್ದಾರ, ಸ್ವಲ್ಪ ನಿಧಾನ ಮಾಡು’ ಎಂಬ ವಾಕ್ಯವನ್ನು ಕೇಳಿ ಅರ್ಥ ಮಾಡಿಕೊಳ್ಳಲು ಮನಸ್ಸು ರಸ್ತೆ ಬಿಟ್ಟು ಬರಬೇಕು. ಸೀಟಿಗೆ ಆ ಕಷ್ಟವಿಲ್ಲ, ಅದು ಕಿವಿಯಿಂದ ನೇರ ಕಾಲಿಗೆ ಹೋಗುತ್ತದೆ.

ಚಾಲಕರ ಜತೆ ಮಾತನಾಡಬಾರದು ಎಂಬ ಬರಹ ಬಸ್ಸಿನ ಮುಂಭಾಗದಲ್ಲಿ ಇರುತ್ತದೆ. ಅದೇ ಬರಹದ ಕೆಳಗೆ, ಎಂಜಿನ್ ಪಕ್ಕದ ಜಾಗದಲ್ಲಿ ಕೂತು ಊರ ರಾಜಕೀಯ ಬಿಚ್ಚುವ ಪ್ರಯಾಣಿಕರೂ ಇರುತ್ತಾರೆ. ಅದು ಬೇರೆ ಮಾತು.

ಟಂಟಂ, ಕ್ರೂಸರ್, ಟೆಂಪೊ ಟ್ರಾವೆಲರ್‌ಗಳಲ್ಲಿ ಕಂಡಕ್ಟರ್ ಇಲ್ಲ. ಚಾಲಕನೇ ಸೀಟು ತುಂಬಿಸಬೇಕು, ಹಣ ಎಣಿಸಬೇಕು, ಚಿಲ್ಲರೆ ಕೊಡಬೇಕು, ‘ಎಲ್ಲಿ ಅದಿ?’ ಎಂದು ಕೇಳುವ ಮಾಲೀಕರಿಗೆ ಉತ್ತರಿಸಬೇಕು. ಬಸ್ಸಿನಲ್ಲಿ ಇಬ್ಬರು ಹಂಚಿಕೊಂಡ ಕೆಲಸವನ್ನು ಇಲ್ಲಿ ಒಬ್ಬನೇ ಎಳೆಯುತ್ತಾನೆ, ಅದೂ ಗಾಡಿ ಓಡುತ್ತಿರುವಾಗಲೇ.

ಎಫ್‌ಐಆರ್‌ನಲ್ಲಿ ಬರದ ಕಾರಣ

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಕರ್ನಾಟಕದ ಪಾಲು 11,702. ಇದರಲ್ಲಿ ಮೊಬೈಲ್ ಬಳಕೆಯಿಂದ ಸತ್ತವರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಎಣಿಸಿದ್ದು ದೇಶದಲ್ಲೆಲ್ಲ ಸೇರಿ 3,395, ಅಂದರೆ ನೂರಕ್ಕೆ ಎರಡು. ಇಷ್ಟೇ ಆಗಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಎಣಿಕೆ ಹೇಗೆ ನಡೆಯುತ್ತದೆ ಎಂದು ನೋಡಿದರೆ ಸಂಖ್ಯೆ ಏಕೆ ಚಿಕ್ಕದು ಎಂಬುದು ತಿಳಿಯುತ್ತದೆ. ಅಪಘಾತವಾದಾಗ ಠಾಣೆಯಲ್ಲಿ ಬರೆಯುವ ಮಾತು ಹೆಚ್ಚುಕಡಿಮೆ ಅಚ್ಚು ಹಾಕಿದಂತಿರುತ್ತದೆ: ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಲಾಯಿಸಿ. ಹಳೆಯ ದಂಡಸಂಹಿತೆಯ 279ನೇ ಕಲಂ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಬಂದರೂ ಮಾತು ಅದೇ. ವೇಗವನ್ನು ಜಖಂ ನೋಡಿ ಊಹಿಸಬಹುದು, ಮದ್ಯವನ್ನು ರಕ್ತದಲ್ಲಿ ಹುಡುಕಬಹುದು. ಡಿಕ್ಕಿಗೆ ಮೂರು ಸೆಕೆಂಡು ಮುಂಚೆ ಚಾಲಕನ ಮನಸ್ಸು ಎಲ್ಲಿತ್ತು ಎಂಬುದನ್ನು ಯಾವ ಮಹಜರಿನಲ್ಲಿ ಬರೆಯುವುದು? ಬದುಕಿ ಉಳಿದವನು ತೂಕಡಿಸಿದೆ ಎಂದು ತಾನಾಗಿ ಹೇಳುತ್ತಾನೆಯೇ?

ಕಾನೂನಿಗೂ ಗಮನದ ಪರಿವೆ ಇಲ್ಲದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ, ಫೋನು ಕೈಯಲ್ಲಿ ಹಿಡಿದು ಚಾಲನೆ ಮಾಡುವುದನ್ನು ಅಪಾಯಕಾರಿ ಚಾಲನೆ ಎಂದೇ ಹೆಸರಿಸಿತು. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. 2020ರ ಅಕ್ಟೋಬರ್‌ನಿಂದ ಜಾರಿಯಾದ ನಿಯಮದ ಪ್ರಕಾರ ಚಾಲಕ ಫೋನನ್ನು ಬಳಸಬಹುದಾದದ್ದು ದಾರಿ ನೋಡುವುದಕ್ಕೆ ಮಾತ್ರ, ಅದೂ ಏಕಾಗ್ರತೆ ಕೆಡದಂತೆ. ಏಕಾಗ್ರತೆ ಕೆಟ್ಟಿತೋ ಇಲ್ಲವೋ ಎಂದು ಕ್ರಾಸಿನಲ್ಲಿ ನಿಂತ ಪೇದೆ ಅಳೆಯುವುದು ಹೇಗೆ ಎಂಬುದನ್ನು ನಿಯಮ ಹೇಳುವುದಿಲ್ಲ.

ಚಹಾ, ಹಾಡು, ತಣ್ಣೀರು

ನಿದ್ದೆ ಓಡಿಸಲು ಲಾರಿಯವರ ಬಳಿ ನೂರೆಂಟು ಉಪಾಯಗಳಿವೆ. ಕಿಟಕಿ ಇಳಿಸಿ ಮುಖಕ್ಕೆ ಗಾಳಿ ಬಿಡುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು, ಬಾಯಿಗೆ ಗುಟ್ಕಾ, ತಡಸ ಕ್ರಾಸಿನಲ್ಲಿ ಮಿರ್ಚಿ-ಚಹಾ. ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದ ಜಿಮ್ ಹಾರ್ನ್ ಮತ್ತು ಲೂಯಿಸ್ ರೇನರ್ 1990ರ ದಶಕದಲ್ಲಿ ಇಂಥ ಉಪಾಯಗಳನ್ನು ಒಂದೊಂದಾಗಿ ಪರೀಕ್ಷೆಗೆ ಹಚ್ಚಿದರು. ತಣ್ಣನೆ ಗಾಳಿ ಮತ್ತು ರೇಡಿಯೊ ಕೊಟ್ಟದ್ದು ಅಲ್ಪ ಹೊತ್ತಿನ ಅಲ್ಪ ಫಲ. ನಿಜವಾಗಿ ಕೆಲಸ ಮಾಡಿದ್ದು ಗಾಡಿ ನಿಲ್ಲಿಸಿ ತೆಗೆದ 15 ನಿಮಿಷದ ನಿದ್ದೆ ಮತ್ತು ಕಾಫಿ. ಕಾಫಿ ಕುಡಿದೇ ಮಲಗಿದರೆ ಇನ್ನೂ ಒಳ್ಳೆಯದು, ಅದರ ಸತ್ವ ಮೈಗೆ ಹತ್ತಲು ಸ್ವಲ್ಪ ಹೊತ್ತು ಬೇಕಾದ್ದರಿಂದ ಏಳುವ ಹೊತ್ತಿಗೆ ಎರಡೂ ಕೈಗೂಡುತ್ತವೆ.

ಆದರೆ ಎಲ್ಲಿ ನಿಲ್ಲಿಸಬೇಕು? ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿ ಮಲಗಿದ ಲಾರಿಯೇ ಹಿಂದಿನವರ ಪಾಲಿಗೆ ಯಮನಾಗುತ್ತದೆ. ಮುಂದಿರುವ ಗಾಡಿ ಓಡುತ್ತಿದೆಯೋ ನಿಂತಿದೆಯೋ ಎಂದು ಕತ್ತಲೆಯಲ್ಲಿ ಅಂದಾಜು ಮಾಡುವುದು ಕಣ್ಣಿಗೆ ಬಲು ಕಷ್ಟ. ತೀರ ಹತ್ತಿರ ಬಂದಾಗಲೇ ಅದು ದಿಢೀರನೆ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಚಾಲಕರ ನಿದ್ದೆಯ ಮಾತು ಲಾರಿ ನಿಲ್ಲಿಸಲು ಜಾಗ ಮಾಡಿಕೊಡುವ ಮಾತೂ ಹೌದು. ಪೆಟ್ರೋಲ್ ಬಂಕಿನ ಅಂಗಳ, ಧಾಬಾದ ಮುಂದಿನ ಬಯಲು, ಟೋಲ್ ದಾಟಿದ ಮೇಲಿನ ಜಾಗ, ಸದ್ಯಕ್ಕೆ ಚಾಲಕರಿಗೆ ಆಸರೆ ಇವೇ.

ಫೋನಿನ ವಿಷಯದಲ್ಲಿ ಚಾಲಕನಿಗೆ ಬುದ್ಧಿ ಹೇಳುವವರು ಬಹಳ. ಆ ಕಡೆ ಫೋನು ಹಿಡಿದವರಿಗೆ ಯಾರೂ ಏನೂ ಹೇಳುವುದಿಲ್ಲ. ಒಂದು ಮಾತಿಗೆ ಇಬ್ಬರು ಬೇಕು. ಮೂರು ಸಲ ರಿಂಗಾಗಿ ಎತ್ತದಿದ್ದರೆ ನಾಲ್ಕನೇ ಸಲ ಮಾಡುವವರು ಮನೆಯವರೇ, ದಲಾಲಿ ಅಂಗಡಿಯವರೇ, ಗಾಡಿಯ ಮಾಲೀಕರೇ. ‘ಎಷ್ಟೊತ್ತಿಗೆ ಬರ್ತಿ?’ ಎಂಬ ಕಾಳಜಿಯ ಪ್ರಶ್ನೆಯೇ ಬರುವ ಹೊತ್ತನ್ನು ಕೆಡಿಸಬಹುದು ಎಂಬುದು ಅವರ ಎಣಿಕೆಗೆ ಬಂದಿರುವುದಿಲ್ಲ.

ಕೆಲವು ಮನೆಗಳಲ್ಲಿ ಬಂದಿದೆ. ಹಾದಿಯ ನಡುವೆ ಫೋನು ಎತ್ತಿದವನ ದನಿಯ ಹಿಂದೆ ಗಾಳಿಯ ಸದ್ದು ಕೇಳಿದೊಡನೆ ಆ ಕಡೆಯ ಹೆಂಗಸು ‘ಗಾಡಿ ಮ್ಯಾಲ ಅದೀರೇನು?’ ಎನ್ನುತ್ತಾಳೆ. ಇವನು ‘ಹ್ಞೂಂ, ಹೇಳು, ಪರವಾಗಿಲ್ಲ’ ಅನ್ನುವಷ್ಟರಲ್ಲಿ, ‘ಹಂಗಾರ ಇಡ್ತೀನಿ. ಮುಂದ ಎಲ್ಯಾರ ನಿಂತು ಮಾಡ್ರಿ’ ಎಂದು ಅವಳು ಇಟ್ಟೇಬಿಟ್ಟಿರುತ್ತಾಳೆ.